ಟ್ಯೂಬಿನ ಗೆರೆ ದಾಟಿದ ರಕ್ತ

ಮಗು ಬಂದಾಗ ಬೆಳಗಿನ ಹನ್ನೊಂದು ಗಂಟೆ. ಹೊರರೋಗಿಗಳ ಸಾಲು ಇನ್ನೂ ಅರ್ಧ ಉಳಿದಿತ್ತು. ತಾಯಲೂರಿನ ಕಡೆಯ ಒಂದು ಹಳ್ಳಿಯಿಂದ, ಟೊಮೆಟೊ ಸಾಗಿಸುವ ಟೆಂಪೋದಲ್ಲಿ, ಬಾಣಂತಿ, ಅವಳ ಗಂಡ, ಅತ್ತೆ ಮೂವರೂ ಕೋಲಾರದ ನಮ್ಮ ಆಸ್ಪತ್ರೆಗೆ ಬಂದಿಳಿದಿದ್ದರು. ಅತ್ತೆ ಕೂಸನ್ನು ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡಿದ್ದಳು. ಬಿಚ್ಚಿ ನೋಡಿದರೆ ಗಂಡುಮಗು, ತೂಕ ಒಂದು ಕಿಲೋ ಆರುನೂರು ಗ್ರಾಂ. ಉಸಿರು ನಿಮಿಷಕ್ಕೆ ಎಂಬತ್ತು. ಒಂದೊಂದು ಉಸಿರಿಗೂ ಪಕ್ಕೆಯ ನಡುವಿನ ಚರ್ಮ ಒಳಕ್ಕೆ ಎಳೆಯುತ್ತಿತ್ತು, ಮೂಗಿನ ಹೊಳ್ಳೆ ಅರಳುತ್ತಿತ್ತು, ಉಸಿರು ಬಿಡುವಾಗ ಸಣ್ಣದೊಂದು ನರಳಿಕೆ ಕೇಳುತ್ತಿತ್ತು.

"ಎಲ್ಲಿ ಹೆರಿಗೆ ಆಗಿದ್ದು?" ಎಂದೆ.

"ಟೆಂಪೋದಲ್ಲೇ ಆಗೋಯ್ತಮ್ಮ, ಮುಳಬಾಗಿಲು ದಾಟಿದ್ಮೇಲೆ" ಎಂದಳು ಅತ್ತೆ.

"ಎಷ್ಟು ತಿಂಗಳು?"

"ಏಳು." ನನ್ನ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂದಿತ್ತು.

ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ನಾನು ಮಕ್ಕಳ ವೈದ್ಯೆಯಾಗಿ ಅಲ್ಲಿ ಸೇರಿ ವರ್ಷವೂ ತುಂಬಿರಲಿಲ್ಲ. ನವಜಾತ ಶಿಶುಗಳಿಗೆ ಎಂದು ನಮ್ಮಲ್ಲಿದ್ದದ್ದು ಒಂದು ಚಿಕ್ಕ ಕೋಣೆ, ಬಿಸಿ ಕೊಡುವ ಎರಡು ವಾರ್ಮರ್, ಮಗುವಿನ ತಲೆಯ ಮೇಲೆ ಕವುಚಿ ಆಮ್ಲಜನಕ ಬಿಡುವ ಪ್ಲಾಸ್ಟಿಕ್ ಡಬ್ಬಿ, ಸಾಲಾಗಿ ನಿಂತ ಸಿಲಿಂಡರುಗಳು. ಉಸಿರಾಡಿಸುವ ಯಂತ್ರ ಬೇಕಾದರೆ ಬೆಂಗಳೂರು. ಅಲ್ಲಿಯೂ ಫೋನ್ ಮಾಡಿದಾಗ ಹಾಸಿಗೆ ಖಾಲಿ ಇದ್ದರೆ ಅದೃಷ್ಟ, ದಾರಿಯಲ್ಲಿ ಮಗು ಉಳಿದರೆ ಇನ್ನೂ ದೊಡ್ಡ ಅದೃಷ್ಟ.

ಏಳು ತಿಂಗಳ ಮಗು, ಉಸಿರಾಟದ ಕಷ್ಟ. ಇಷ್ಟು ಕೇಳಿದ ಮೇಲೆ ನನಗೆ ಯೋಚಿಸುವುದೇನೂ ಉಳಿದಿಲ್ಲ ಅನ್ನಿಸಿತು. ಬಲಿಯದ ಶ್ವಾಸಕೋಶದಲ್ಲಿ ಗಾಳಿಗೂಡುಗಳನ್ನು ಬಿಡಿಸಿಡುವ ಜಿಡ್ಡು ಇರುವುದಿಲ್ಲ. ಒದ್ದೆ ಪ್ಲಾಸ್ಟಿಕ್ ಚೀಲದಂತೆ ಅವು ಅಂಟಿಕೊಳ್ಳುತ್ತವೆ. ಮಗುವನ್ನು ವಾರ್ಮರಿನಲ್ಲಿ ಮಲಗಿಸಿ, ಡಬ್ಬಿ ಕವುಚಿ, ಕೈಗೆ ಗ್ಲೂಕೋಸ್ ಹಾಕಿ, ಸೋಂಕಿರಲಿ ಇಲ್ಲದಿರಲಿ ಎಂದು ಎರಡು ಆಂಟಿಬಯೋಟಿಕ್ ಶುರು ಮಾಡಿದೆ. ಗಂಡನನ್ನು ಕರೆದು, "ಶ್ವಾಸಕೋಶ ಬಲಿತಿಲ್ಲ. ಮೂರು ದಿನ ಉಸಿರಿನ ಕಷ್ಟ ಜಾಸ್ತಿ ಆಗುತ್ತೆ. ತಡ್ಕೊಂಡ್ರೆ ಉಳಿಯುತ್ತೆ" ಎಂದೆ. ಅವನು ತಲೆ ಅಲ್ಲಾಡಿಸಿದ. ಇದು ಮೂರನೆಯದು, ಮೊದಲಿನ ಎರಡೂ ಹುಟ್ಟಿದ ವಾರದೊಳಗೇ ಹೋಗಿದ್ದವು ಎಂದು ಆಗ ಹೇಳಿದ. ಹೇಳುವಾಗ ನನ್ನ ಮುಖ ನೋಡಲಿಲ್ಲ.

ನನ್ನ ಲೆಕ್ಕಕ್ಕೆ ಮೊದಲ ಕಲ್ಲು ಹಾಕಿದ್ದು ನಮ್ಮ ಸಿಸ್ಟರ್. ನನಗಿಂತ ಹದಿನೈದು ವರ್ಷ ಹಿರಿಯ ನರ್ಸ್, ಮಾತು ಕಡಿಮೆ. ಮಧ್ಯಾಹ್ನ ನಾನು ಊಟ ಮುಗಿಸಿ ಬರುವಷ್ಟರಲ್ಲಿ ಮಗುವಿನ ಎರಡು ಪಾದಗಳನ್ನೂ ಕೈಯಲ್ಲಿ ಹಿಡಿದು ನಿಂತಿದ್ದರು.

"ಮೇಡಂ, ಇದರ ಅಂಗಾಲು ನೋಡಿದ್ರಾ?"

ನೋಡಿರಲಿಲ್ಲ. ನೋಡಬೇಕಾದದ್ದು ನನ್ನ ಕೆಲಸ. ಏಳು ತಿಂಗಳ ಮಗುವಿನ ಅಂಗಾಲು ಸಪಾಟಾಗಿರುತ್ತದೆ. ಇದರದರಲ್ಲಿ ಮುಕ್ಕಾಲು ಭಾಗ ಗೆರೆಗಳಿದ್ದವು. ಕಿವಿಯನ್ನು ಮಡಿಸಿ ಬಿಟ್ಟರೆ ಪಟ್ಟನೆ ಹಿಂದಕ್ಕೆ ಬರುತ್ತಿತ್ತು. ತೂಕ ಒಂದು ಹೇಳುತ್ತಿತ್ತು, ಕಾಲು ಇನ್ನೊಂದು ಹೇಳುತ್ತಿತ್ತು, ಅತ್ತೆ ಮೂರನೆಯದು ಹೇಳಿದ್ದಳು.

ಹೆರಿಗೆ ವಾರ್ಡಿಗೆ ಹೋಗಿ, ಅತ್ತೆ ಕಾಫಿ ತರಲು ಹೋದ ಸಮಯ ನೋಡಿ, ಬಾಣಂತಿಯ ಪಕ್ಕ ಕೂತೆ. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ, ಕೈಯಲ್ಲಿ ಇನ್ನೂ ಹಿಪ್ಪುನೇರಳೆ ಸೊಪ್ಪು ಕೊಯ್ದ ಕಲೆ ಇತ್ತು. ಕೊನೆಯ ಮುಟ್ಟು ಯಾವಾಗ ಎಂದು ಮೆಲ್ಲಗೆ ಕೇಳಿದೆ.

"ಸಂಕ್ರಾಂತಿ ದಿನ ಹೊರಗಿದ್ದೆ ಅಮ್ಮ, ಹಬ್ಬದ ಪೊಂಗಲ್ಲೂ ಮುಟ್ಟಿಲ್ಲ. ಅದೇ ಕೊನೆ."

ಗೌರಿ ಹಬ್ಬ ಆಗಷ್ಟೇ ಕಳೆದಿತ್ತು. ಬೆರಳಲ್ಲಿ ವಾರ ಎಣಿಸಿದೆ. ಮೂವತ್ತನಾಲ್ಕು. ಏಳು ತುಂಬಿ ಎಂಟು ಮುಗಿಯುತ್ತಾ ಬಂದಿತ್ತು.

"ಮತ್ತೆ ಏಳು ಅಂದ್ರಲ್ಲ ನಿಮ್ಮತ್ತೆ?"

"ಮೊದಲೆರಡೂ ಎಂಟರಲ್ಲೇ ಹೋದ್ವು. ಏಳರ ಕೂಸು ಉಳಿಯುತ್ತೆ, ಎಂಟರದು ಉಳಿಯಲ್ಲ ಅಂತಾರಲ್ಲಮ್ಮ. ಎಂಟು ಅಂತ ಬಾಯಲ್ಲೇ ಅನ್ಬೇಡ ಅಂದ್ರು ಅತ್ತೆ." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ನನಗೆ ಕೋಪ ಬರಬೇಕಿತ್ತು, ಬರಲಿಲ್ಲ. ನಾನು ಹುಟ್ಟಿ ಬೆಳೆದ ಮುಳಬಾಗಿಲಿನ ಮನೆಯಲ್ಲೂ ಇದನ್ನೇ ಹೇಳುತ್ತಿದ್ದರು. ಆದರೆ ತಲೆ ಕೆಟ್ಟಿತು. ಮೂವತ್ತನಾಲ್ಕು ವಾರದ ಮಗುವಿನ ಶ್ವಾಸಕೋಶ ಇಷ್ಟು ಹಟ ಮಾಡಬಾರದು. ತೂಕ ಕಡಿಮೆ ಇರುವುದು ಹೊಟ್ಟೆಯೊಳಗೆ ಆಹಾರ ಸಾಲದೆ. ಹಾಗಾದರೆ ಈ ಉಸಿರು ಯಾಕೆ? ನ್ಯುಮೋನಿಯಾ ಎಂದುಕೊಂಡೆ. ಅದೂ ಗಟ್ಟಿ ನಂಬಿಕೆಯಲ್ಲ, ಏನಾದರೂ ಒಂದು ಹೆಸರು ಬೇಕಿತ್ತು.

ಸೋಂಕು ಇದೆಯೇ, ರಕ್ತ ಎಷ್ಟಿದೆ ನೋಡೋಣವೆಂದು ಹಿಮ್ಮಡಿಗೆ ಸೂಜಿ ಚುಚ್ಚಿದೆ. ರಕ್ತ ಹನಿಯಲಿಲ್ಲ. ಹಿಂಡಿ ಹಿಂಡಿ ಅಷ್ಟಿಷ್ಟು ತೆಗೆದು ಲ್ಯಾಬಿಗೆ ಕಳಿಸಿದೆ. ಅರ್ಧ ಗಂಟೆಗೆ ಚೀಟಿ ವಾಪಸು ಬಂತು: ಸ್ಯಾಂಪಲ್ ಸರಿ ಇಲ್ಲ, ಮತ್ತೆ ಕಳಿಸಿ. ಮತ್ತೆ ಚುಚ್ಚಿ ಕಳಿಸಿದೆ. ಮತ್ತದೇ ಚೀಟಿ. ಸಂಜೆಯಾಗಿತ್ತು, ಲ್ಯಾಬಿನ ಬಾಗಿಲು ಹಾಕುವ ಹೊತ್ತು. ಲ್ಯಾಬಿನವನಿಗೂ ಮನೆಗೆ ಹೋಗುವ ಆತುರ ಎಂದು ಮನಸ್ಸಿನಲ್ಲೇ ಬೈದುಕೊಂಡು ಸುಮ್ಮನಾದೆ. ನಾನು ಆ ಚೀಟಿಯನ್ನು ಎರಡನೇ ಸಲ ಓದಿದಾಗಲೇ ಮೆಟ್ಟಿಲಿಳಿದು ಹೋಗಿ ಕೇಳಬೇಕಿತ್ತು. ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಉಸಿರು ತೊಂಬತ್ತು. ಕೈಕಾಲು ನೀಲಿ, ಮುಖ ಮಾತ್ರ ಕಡುಗೆಂಪು. ವಾರ್ಡಿನ ಆಯಾ, "ಎಷ್ಟು ಕೆಂಪಗಿದೆ ನೋಡ್ರಿ, ಒಳ್ಳೆ ಬಣ್ಣ ಬರುತ್ತೆ" ಎಂದಳು. ನಿಜ ಹೇಳಬೇಕೆಂದರೆ ನಾನೂ ಆ ಕೆಂಪನ್ನು ಒಳ್ಳೆಯ ಲಕ್ಷಣ ಎಂದೇ ಹಿಂದಿನ ದಿನ ಬರೆದಿಟ್ಟಿದ್ದೆ. ಮುಟ್ಟಿದರೆ ಸಾಕು, ಮಗುವಿನ ಕೈಗಳು ಥರಥರ ನಡುಗುತ್ತಿದ್ದವು. ಸಕ್ಕರೆ ಅಳೆದರೆ ಇಳಿದಿತ್ತು, ಗ್ಲೂಕೋಸ್ ಹೆಚ್ಚಿಸಿದೆ. ಸಿಸ್ಟರ್ ಮಗುವನ್ನು ಎತ್ತಿಕೊಂಡು, ನಾನು ಸಿಲಿಂಡರಿನ ಕೊಳವೆ ಹಿಡಿದುಕೊಂಡು, ಇಬ್ಬರೂ ಎಕ್ಸ್‌ರೇ ಕೋಣೆಗೆ ಓಡಿದೆವು.

ಒದ್ದೆ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಬಲಿಯದ ಶ್ವಾಸಕೋಶ ಬೆಳ್ಳಗೆ ಗಾಜು ಉಜ್ಜಿದಂತೆ ಕಾಣಬೇಕು, ಕಾಣಲಿಲ್ಲ. ನ್ಯುಮೋನಿಯಾದ ಮಚ್ಚೆಯೂ ಇಲ್ಲ. ಹೃದಯ ತುಸು ದೊಡ್ಡದು, ರಕ್ತನಾಳಗಳು ತುಂಬಿಕೊಂಡು ದಪ್ಪ. ಹುಟ್ಟಿನಿಂದಲೇ ಹೃದಯದ ದೋಷವೇ? ಎದೆಗೆ ಸ್ಟೆತಾಸ್ಕೋಪ್ ಇಟ್ಟು ಹತ್ತು ನಿಮಿಷ ಕೇಳಿದೆ, ಬೇರೆ ಸದ್ದೇನೂ ಇಲ್ಲ. ಇಪ್ಪತ್ತನಾಲ್ಕು ಗಂಟೆಯಲ್ಲಿ ಮೂರು ಕಾಯಿಲೆಯ ಹೆಸರು ಹೇಳಿದ್ದೆ, ಮೂರೂ ಅಲ್ಲ. ಹೊರಗೆ ಆ ಗಂಡ ಗೋಡೆಗೆ ಒರಗಿ ನಿಂತು ನಾನೇನಾದರೂ ಹೇಳುತ್ತೇನೆಂದು ಕಾಯುತ್ತಿದ್ದ. ಅವನನ್ನು ತಪ್ಪಿಸಿಕೊಂಡು ಹಿಂದಿನ ಬಾಗಿಲಿನಿಂದ ಹೋದೆ. ಹೋದದ್ದು ಲ್ಯಾಬಿಗೆ, ಯಾರನ್ನಾದರೂ ಬೈಯಬೇಕಿತ್ತು.

ಲ್ಯಾಬಿನ ತಂತ್ರಜ್ಞ ನನ್ನ ಬೈಗುಳ ಮುಗಿದ ಮೇಲೆ ರಕ್ತ ಅಳೆಯುವ ಗಾಜಿನ ಟ್ಯೂಬ್ ತೆಗೆದು ಮೇಜಿನ ಮೇಲಿಟ್ಟ. ಆಗಿನ ವಿಧಾನ ಸರಳ. ಅಳತೆಯ ಒಂದು ಹನಿ ರಕ್ತವನ್ನು ಆಸಿಡ್ಡಿನಲ್ಲಿ ಬೆರೆಸಿ, ಪಕ್ಕದ ಕಂದು ಗಾಜಿನ ಬಣ್ಣಕ್ಕೆ ಹೊಂದುವವರೆಗೆ ಹನಿಹನಿ ನೀರು ಸೇರಿಸುತ್ತಾ ಹೋಗಬೇಕು. ಬಣ್ಣ ಹೊಂದಿದಾಗ ನೀರು ಯಾವ ಗೆರೆಯಲ್ಲಿದೆಯೋ ಅಷ್ಟು ಹಿಮೋಗ್ಲೋಬಿನ್.

"ನೀರು ಹಾಕ್ದೆ, ಹಾಕ್ದೆ, ಕೊನೇ ಗೆರೆನೂ ದಾಟೋಯ್ತು ಮೇಡಂ. ಇನ್ನೂ ಕಪ್ಪಗೇ ಇತ್ತು" ಎಂದ. "ಇದರ ಮೇಲೆ ಗೆರೇನೇ ಇಲ್ಲ, ಏನಂತ ಬರೀಲಿ? ನಾನೇ ಎಲ್ಲೋ ತಪ್ಪು ಮಾಡಿದ್ದೀನಿ ಅಂತ ಎರಡು ಸಲಾನೂ ಚೆಲ್ಲಿಬಿಟ್ಟೆ. ದಿನಾ ಬರೋದು ಎಂಟು, ಒಂಬತ್ತು. ರಕ್ತ ಸಾಲದೋರನ್ನ ನೋಡೀನೇ ಅಭ್ಯಾಸ ನಮಗೆ."

ನಾನು ಮೇಲಕ್ಕೆ ಹೋಗಿ ಮಗುವಿನ ಕೈಯ ರಕ್ತನಾಳದಿಂದ ಸರಿಯಾಗಿ ರಕ್ತ ತೆಗೆದು ತಂದೆ. ಅವನು ಅದನ್ನು ಸಣ್ಣ ಗಾಜಿನ ಕಡ್ಡಿಗೆ ಏರಿಸಿ ಯಂತ್ರದಲ್ಲಿ ಗಿರಗಿರ ತಿರುಗಿಸಿದ. ನೂರು ಪಾಲಿನಲ್ಲಿ ಎಪ್ಪತ್ತಾರು ಪಾಲು ಬರೀ ಕೆಂಪುಕಣ, ಮಿಕ್ಕದ್ದಷ್ಟೇ ನೀರು. ಹಸುಗೂಸಿನಲ್ಲಿ ಅರವತ್ತೈದು ದಾಟಿದರೇ ಅಪಾಯ. ಅಷ್ಟು ಮಂದವಾದ ರಕ್ತ ಎಳೆಯ ನಾಳಗಳಲ್ಲಿ ಹರಿಯುವುದಾದರೂ ಹೇಗೆ? ಶ್ವಾಸಕೋಶದಲ್ಲಿ ದೋಷವೇ ಇರಲಿಲ್ಲ.

ಆದರೆ ಗೊಂದಲ ಮುಗಿಯಲಿಲ್ಲ, ಇನ್ನೂ ಹೆಚ್ಚಾಯಿತು. ಮಗುವಿಗೆ ನೀರಿನಂಶ ಸಾಲದೆ ಒಣಗಿ ರಕ್ತ ಮಂದವಾಗಿದ್ದರೆ ಡ್ರಿಪ್ ಹೆಚ್ಚಿಸಬೇಕು. ಹಾಗಲ್ಲದೆ ಮೈಯಲ್ಲಿ ರಕ್ತವೇ ಅತಿಯಾಗಿ ತುಂಬಿದ್ದರೆ, ಡ್ರಿಪ್ ಹೆಚ್ಚಿಸಿದರೆ ಆ ಪುಟ್ಟ ಹೃದಯ ಸೋತು ನಿಲ್ಲುತ್ತದೆ. ಆಗ ರಕ್ತ ಹೊರಗೆ ತೆಗೆಯಬೇಕು. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷ. ಎಕ್ಸ್‌ರೇ ನೋಡಿದರೆ ತುಂಬಿದೆ ಅನ್ನಿಸುತ್ತಿತ್ತು. ಆದರೆ ಟೆಂಪೋದಲ್ಲಿ ಹುಟ್ಟಿದ ಮಗುವಿಗೆ ಅಷ್ಟು ರಕ್ತ ಎಲ್ಲಿಂದ ಬರಬೇಕು? ಹಿಂದಿನ ದಿನವಿಡೀ ತಪ್ಪಿದವಳು ನಾನು. ನನ್ನ ಎಕ್ಸ್‌ರೇ ಓದನ್ನು ನಾನೇ ನಂಬುವ ಸ್ಥಿತಿಯಲ್ಲಿರಲಿಲ್ಲ.

ಬೆಂಗಳೂರಿಗೆ, ನನಗೆ ಕಲಿಸಿದ ಪ್ರೊಫೆಸರಿಗೆ ಫೋನ್ ಹಚ್ಚಿದೆ. ಫೋನೆತ್ತಿದವರು, ಅವರು ರೌಂಡ್ಸಿನಲ್ಲಿದ್ದಾರೆ, ಒಂದು ಗಂಟೆ ಬಿಟ್ಟು ಮಾಡಿ ಎಂದರು. ಫೋನಿಟ್ಟು ಬಂದರೆ ಶಿಶು ಕೋಣೆಯ ಬಾಗಿಲಲ್ಲಿ ಸಿಸ್ಟರ್ ಒಬ್ಬ ಮುದುಕಿಯನ್ನು ತಡೆದು ನಿಲ್ಲಿಸಿದ್ದರು. ತೆಳ್ಳಗೆ, ಎತ್ತರಕ್ಕೆ, ಕಂಕುಳಲ್ಲಿ ಬಾಣಂತಿ ಖಾರದ ಡಬ್ಬಿ. ಬೆಳಗಿನ ಮೊದಲ ಬಸ್ಸು ಹಿಡಿದು ಊರಿಂದ ಬಂದಿದ್ದಳು.

"ನಾನು ಎತ್ತಿದ ಕೂಸು ತಲ್ಲೀ, ಒಂದು ಸಲ ನೋಡ್ಕೊಂಡು ಹೋಗ್ತೀನಿ" ಎನ್ನುತ್ತಿದ್ದಳು, ಸಿಸ್ಟರನ್ನು ತೆಲುಗಿನಲ್ಲಿ ತಾಯೀ ಎಂದು ಕರೆದು.

ಬೆಂಚಿನ ಮೇಲಿದ್ದ ಅತ್ತೆ ಕಣ್ಣಲ್ಲೇ ಅವಳನ್ನು ಸುಮ್ಮನಿರಿಸಲು ನೋಡಿದಳು. ತಡವಾಗಿತ್ತು.

"ನೀವು ಎತ್ತಿದ್ದಾ?" ಎಂದೆ. "ಟೆಂಪೋದಲ್ಲಿ ಹುಟ್ಟಿತು ಅಂದ್ರಲ್ಲ?"

ಅತ್ತೆಯೇ ಬಾಯಿ ಬಿಟ್ಟಳು. "ಮನೇಲಿ ಆಯ್ತು ಅಂದ್ರೆ ನೀವು ಬೈತೀರಂತಲ್ಲಮ್ಮ. ಹೋದ ತಿಂಗಳು ನಮ್ಮ ಪಕ್ಕದೂರೋರನ್ನ ಎಲ್ಲರ ಮುಂದೆ ನಿಲ್ಲಿಸಿ ಬೈದ್ರಂತೆ. ಆ ಹುಡುಗಿ ಅತ್ಕೊಂಡು ಬಂದ್ಲು. ಟೆಂಪೋದಲ್ಲಿ ಆಯ್ತು ಅಂದ್ರೆ ಯಾರ ತಪ್ಪೂ ಅಲ್ಲ ಅಂತ..."

ಬೈದಿದ್ದೆ. ಚೆನ್ನಾಗಿ ನೆನಪಿತ್ತು. ಮನೆಯ ಹೆರಿಗೆ ಎಂದರೆ ನನಗೆ ಮೂಗಿನ ತುದಿಯಲ್ಲೇ ಕೋಪ, ಅದು ಜನರ ಒಳ್ಳೆಯದಕ್ಕೇ ಎಂದು ನಂಬಿದ್ದೆ. ಈ ಮಗುವಿನ ಹೊಕ್ಕುಳಬಳ್ಳಿಗೆ ಎರಡು ಕಡೆ ಅಚ್ಚುಕಟ್ಟಾಗಿ ನೂಲು ಕಟ್ಟಿ, ನಡುವೆ ನೇರವಾಗಿ ಕೊಯ್ದಿದ್ದರು. ಓಡುವ ಟೆಂಪೋದಲ್ಲಿ ಅಷ್ಟು ನೆಟ್ಟಗೆ ಯಾರು ಕಟ್ಟುತ್ತಾರೆ ಎಂದು ನನಗೆ ಹೊಳೆಯಲೇ ಇಲ್ಲ. ಆ ಕ್ಷಣ ನನಗಾದ ನಾಚಿಕೆ ಇಂದಿಗೂ ಕಡಿಮೆಯಾಗಿಲ್ಲ.

ಊರಿನ ಸೂಲಗಿತ್ತಿಯಾದ ಆ ಮುದುಕಿಯನ್ನು ಬೆಂಚಿನ ಮೇಲೆ ಕೂರಿಸಿ, "ಬೈಯಲ್ಲ. ಹುಟ್ಟಿದಾಗಿಂದ ಏನೇನು ಮಾಡಿದ್ರಿ ಎಲ್ಲಾ ಹೇಳಿ" ಎಂದೆ. ಅವಳಿಗೆ ಕನ್ನಡ ತಡವರಿಸಿತು. ನಾನು ತೆಲುಗಿಗೆ ತಿರುಗಿದ ಮೇಲೆ ಹಗುರಾದಳು.

"ಬಿಡ್ಡ ಏಡವಲೇದು ತಲ್ಲೀ" ಎಂದು ಶುರು ಮಾಡಿದಳು. ಕೂಸು ಅಳಲಿಲ್ಲ, ಬಟ್ಟೆ ತುಂಡಿನ ಹಾಗೆ ಬಿದ್ದುಕೊಂಡಿತ್ತು. ಬೆನ್ನು ತಿಕ್ಕಿದಳು, ಅಳಲಿಲ್ಲ. ಅಷ್ಟರಲ್ಲಿ ಮಾಸು ಬಿತ್ತು. ಅವಳ ಅಮ್ಮ ಹೇಳಿಕೊಟ್ಟಿದ್ದಂತೆ ಬಳ್ಳಿ ಕೊಯ್ಯದೆ, ಮಾಸನ್ನು ಬಿಸಿನೀರಿನ ಬೋಗುಣಿಯಲ್ಲಿಟ್ಟು, ಬಳ್ಳಿಯಲ್ಲಿದ್ದ ರಕ್ತವನ್ನು ಕೂಸಿನ ಕಡೆಗೆ ಹಿಂಡಿದಳು. ಹೇಗೆಂದು ತನ್ನ ಹೆಬ್ಬೆರಳು ತೋರುಬೆರಳಲ್ಲಿ ಗಾಳಿಯಲ್ಲೇ ತೋರಿಸಿದಳು. ಹಸುವಿನ ಹಾಲು ಕರೆಯುವ ಬೆರಳುಗಳು.

"ಎಷ್ಟು ಸಲ ಹಿಂಡಿದ್ರಿ?"

"ಲೆಕ್ಕ ಇಟ್ಟಿಲ್ಲ. ಅಳೋವರೆಗೂ."

ಅಷ್ಟು ರಕ್ತ ಎಲ್ಲಿಂದ ಬಂತೆಂಬ ಪ್ರಶ್ನೆಗೆ ಉತ್ತರ ಸಿಕ್ಕಿತು. ಮೊದಲೇ ಹೊಟ್ಟೆಯೊಳಗೆ ಸೊರಗಿದ ಮಕ್ಕಳಲ್ಲಿ ರಕ್ತ ತುಸು ಮಂದವಾಗಿರುವುದುಂಟು. ಅದರ ಮೇಲೆ ಮಾಸಿನಲ್ಲಿದ್ದದ್ದೂ ಸೇರಿಕೊಂಡಿತ್ತು. ಡ್ರಿಪ್ ಹೆಚ್ಚಿಸುವ ಯೋಚನೆ ಬಿಟ್ಟೆ. ಮುಂದಿನದು ಇನ್ನೊಂದು ಇಕ್ಕಟ್ಟು: ರಕ್ತ ಇಲ್ಲೇ ತೆಗೆಯುವುದೋ, ಬೆಂಗಳೂರಿಗೆ ಕಳಿಸುವುದೋ? ಕಾಮಾಲೆಯ ಮಕ್ಕಳಿಗೆ ರಕ್ತ ಬದಲಾಯಿಸುವುದನ್ನು ಕಲಿಯುವಾಗ ಪ್ರೊಫೆಸರರ ಪಕ್ಕ ನಿಂತು ಮಾಡಿದ್ದೆ. ಒಬ್ಬಳೇ ಮಾಡಿರಲಿಲ್ಲ. ರಕ್ತ ತೆಗೆದು ಬರೀ ಉಪ್ಪುನೀರು ಹಾಕುವುದನ್ನಂತೂ ಪುಸ್ತಕದಲ್ಲಿ ಓದಿದ್ದು ಬಿಟ್ಟರೆ ಕಂಡಿರಲಿಲ್ಲ. ಆಂಬುಲೆನ್ಸ್ ಬೇರೆ ಎಲ್ಲಿಗೋ ಹೋಗಿತ್ತು. ಮತ್ತೆ ಫೋನ್ ಮಾಡಿದರೆ ಪ್ರೊಫೆಸರ್ ಇನ್ನೂ ಬಂದಿರಲಿಲ್ಲ. ಒಳಗೆ ಬಂದಾಗ ಮಗು ಹತ್ತು ಹದಿನೈದು ಸೆಕೆಂಡು ಉಸಿರು ನಿಲ್ಲಿಸಿ, ಸಿಸ್ಟರ್ ಪಾದ ತಟ್ಟಿದ ಮೇಲೆ ಮತ್ತೆ ಶುರು ಮಾಡಿತು. ಇನ್ನು ಕಾಯುವಂತಿಲ್ಲ, ಇಲ್ಲೇ ಮಾಡುವುದೆಂದು ತೀರ್ಮಾನಿಸಿದೆ. ಧೈರ್ಯ ಬಂದು ಮಾಡಿದ ತೀರ್ಮಾನ ಅಲ್ಲ ಅದು.

ಅತ್ತೆ ಒಪ್ಪಲಿಲ್ಲ. "ಹಿಡಿಯಷ್ಟಿಲ್ಲ ಕೂಸು, ಅದರ ರಕ್ತ ತೆಗೀತೀರಾ? ನಮ್ಮ ಮಗೂನ ನಮಗೆ ಕೊಟ್ಬಿಡಿ, ಮನೇಗೆ ಹೋಗ್ತೀವಿ" ಎಂದು ಎದ್ದು ನಿಂತಳು. ಗಂಡ ಒಪ್ಪಿಗೆ ಕಾಗದದ ಮುಂದೆ ಪೆನ್ನು ಹಿಡಿದುಕೊಂಡು ಅಮ್ಮನನ್ನೊಮ್ಮೆ ನನ್ನನ್ನೊಮ್ಮೆ ನೋಡುತ್ತಿದ್ದ. ನಾನು ಎಷ್ಟು ಬಿಡಿಸಿ ಹೇಳಿದರೂ ನನ್ನ ಮಾತು ನನಗೇ ಹುಚ್ಚುಚ್ಚಾಗಿ ಕೇಳಿಸುತ್ತಿತ್ತು. ಆಗ ಮುದುಕಿ ಖಾರದ ಡಬ್ಬಿ ಕೆಳಗಿಟ್ಟಳು.

"ನಾನು ಜಾಸ್ತಿ ಹಾಕಿದ್ದನ್ನ ಆಯಮ್ಮ ತೆಗೀತಾರಂತೆ. ತೆಗೀಲಿ ಬಿಡು. ನಾನು ಮಾಡುವಾಗ ನನ್ನ ಕೈ ಹಿಡ್ಕೊಂಡ್ಯಾ ನೀನು?" ಎಂದು ಅತ್ತೆಯನ್ನು ಕೇಳಿದಳು. ಗಂಡ ಸಹಿ ಹಾಕಿದ.

ಲೆಕ್ಕ ಹಾಕಿದರೆ ತೆಗೆಯಬೇಕಾದದ್ದು ನಲವತ್ತು ಎಂಎಲ್. ಐದೈದರಂತೆ ಎಂಟು ಸಲ. ಐದು ತೆಗೆಯುವುದು, ಐದು ಉಪ್ಪುನೀರು ಹಾಕುವುದು. ಹೊಕ್ಕುಳಬಳ್ಳಿಯ ತುದಿಯನ್ನು ಶುಚಿ ಮಾಡಿ, ಹೊಸದಾಗಿ ಕೊಯ್ದು, ಬಾಯಿ ತೆರೆದಿದ್ದ ದೊಡ್ಡ ರಕ್ತನಾಳಕ್ಕೆ ಹಾಲು ಕುಡಿಸುವ ಅತಿ ಸಣ್ಣ ಟ್ಯೂಬನ್ನೇ ಏರಿಸಿದೆ. ಬೇರೆ ಟ್ಯೂಬ್ ನಮ್ಮಲ್ಲಿರಲಿಲ್ಲ. ಸಿಸ್ಟರ್ ಮಗುವಿನ ಎದೆಗೆ ಸ್ಟೆತಾಸ್ಕೋಪ್ ಇಟ್ಟು, ಒಂದೊಂದು ಬಡಿತಕ್ಕೂ ಮೇಜಿನ ಮೇಲೆ ಬೆರಳು ಕುಟ್ಟುತ್ತಿದ್ದರು, ನನಗೆ ಕೇಳಿಸಲೆಂದು. ಮೊದಲ ಐದು ಎಳೆದಾಗ ಸಿರಿಂಜಿಗೆ ಬಂದದ್ದು ಬೆಲ್ಲದ ಪಾಕದಂತೆ ಕಪ್ಪಗೆ, ನಿಧಾನವಾಗಿ.

ನಾಲ್ಕನೆಯದು ಮುಗಿದು ಐದನೆಯದು ಹಾಕುವಾಗ ಸಿಸ್ಟರ್ ಬೆರಳು ನಿಧಾನವಾಯಿತು. ನನ್ನ ಕಿವಿ ಮೋಸ ಮಾಡುತ್ತಿದೆಯೇನೋ ಅಂದುಕೊಂಡೆ. "ತೊಂಬತ್ತಕ್ಕಿಳೀತು ಮೇಡಂ" ಎಂದರು. ಕೈ ನಿಲ್ಲಿಸಿದೆ. ಮತ್ತೆ ತಪ್ಪಿದೆನೇ? ರಕ್ತ ತೆಗೆದದ್ದೇ ಜಾಸ್ತಿಯಾಯಿತೇ? ಇಷ್ಟಕ್ಕೇ ಬಿಟ್ಟರೆ ಸಾಲದು, ಮುಂದುವರಿದರೆ ಏನೋ ಗೊತ್ತಿಲ್ಲ. ಆಗ ಎಡಗೈಯಲ್ಲಿದ್ದ ಸಿರಿಂಜ್ ತಣ್ಣಗಿದೆ ಎಂದು ಅರಿವಾಯಿತು. ಕಪಾಟಿನಿಂದ ತೆಗೆದ ಬಾಟಲಿಯ ನೀರನ್ನು ಹಾಗೇ ನೇರವಾಗಿ ಹೃದಯದ ಬಳಿಗೆ ಬಿಡುತ್ತಿದ್ದೆ. ಸಿಸ್ಟರ್ ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟರು. ಹತ್ತು ನಿಮಿಷ ಕಾದೆವು. ಬೆರಳಿನ ಕುಟ್ಟು ಮೆಲ್ಲಗೆ ವೇಗ ಹಿಡಿಯಿತು, ನೂರಿಪ್ಪತ್ತು, ನೂರನಲವತ್ತು. ಉಳಿದ ಮೂರನ್ನು ಬೆಚ್ಚಗಿನ ನೀರಿನಲ್ಲಿ ಮುಗಿಸಿದೆ.

ಸಂಜೆ ಐದಕ್ಕೆ ಉಸಿರು ಎಪ್ಪತ್ತು. ಲ್ಯಾಬಿನವನು ತಾನೇ ಮೇಲೆ ಹತ್ತಿ ಬಂದು ಹೇಳಿದ, ಎಪ್ಪತ್ತಾರು ಇದ್ದದ್ದು ಐವತ್ತೆಂಟಕ್ಕೆ ಬಂದಿದೆ ಎಂದು. ಮರುದಿನ ಕೈಕಾಲಿನ ನೀಲಿ ಹೋಯಿತು. ಮೂರನೇ ದಿನ ಡಬ್ಬಿ ತೆಗೆದೆವು. ನಡುವೆ ಕಾಮಾಲೆ ಬಂತು, ಹೊಟ್ಟೆ ಉಬ್ಬರಿಸುತ್ತದೇನೋ ಎಂದು ಹೆದರಿ ಹಾಲು ಕೊಡಲು ತಡ ಮಾಡಿದೆ, ಹತ್ತು ದಿನ ತೂಕ ಏರಲೇ ಇಲ್ಲ. ಆಮೇಲೆ ತಾಯಿ ಒಳಲೆಯಲ್ಲಿ ತನ್ನದೇ ಹಾಲು ಕುಡಿಸುವುದನ್ನು ಕಲಿತಳು. ಎರಡು ಮಕ್ಕಳನ್ನು ಕಳೆದುಕೊಂಡಿದ್ದ ಆ ಹುಡುಗಿ ಮೂರು ವಾರಕ್ಕೆ ಮೂರನೆಯದನ್ನು ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಹೊರಟಳು. ನಾನು ಸಿಸ್ಟರ್ ಎದುರಿಗೇ ಅತ್ತುಬಿಟ್ಟೆ.

ಕರೆದುಕೊಂಡು ಹೋಗಲು ಮುದುಕಿಯೂ ಬಂದಿದ್ದಳು. ಎಲ್ಲರೂ ಮುಂದೆ ಹೋದ ಮೇಲೆ ಹಿಂದೆ ಉಳಿದು ಕೇಳಿದಳು:

"ಇನ್ನೊಂದು ಸಲ ಅಳದೇ ಇರೋ ಕೂಸು ಬಂದ್ರೆ ಏನು ಮಾಡ್ಲಿ ತಲ್ಲೀ? ಹಿಂಡ್ಲಾ, ಬೇಡ್ವಾ?"

ಬೇಡ ಎನ್ನಲು ಬಾಯಿ ತೆರೆದೆ. ಅವಳು ಹಿಂಡದಿದ್ದರೆ ಈ ಮಗು ನನ್ನ ತನಕ ಬರುತ್ತಿತ್ತೇ? ಹಿಂಡಿದ್ದರಿಂದ ಅತ್ತಿತೋ, ಬೆನ್ನು ತಿಕ್ಕಿದ್ದರಿಂದಲೋ, ತಾನಾಗಿಯೇ ಅತ್ತಿತೋ? ನನಗೆ ಗೊತ್ತಿರಲಿಲ್ಲ. ಹಿಂಡಿ ಎಂದರೆ ಇನ್ನೊಂದು ಮಗುವಿನ ರಕ್ತ ಪಾಕವಾದೀತು. ಈಗ ನಮಗೇ, ಸಣ್ಣ ಮಕ್ಕಳ ಬಳ್ಳಿಯನ್ನು ಸ್ವಲ್ಪ ತಡೆದು ಕತ್ತರಿಸಿ ಎಂದು ಹೇಳಿಕೊಡುತ್ತಾರೆ. ಆಗ ಅದನ್ನು ಹೇಳುವವರೂ ಇರಲಿಲ್ಲ.

"ನನಗೂ ಗೊತ್ತಿಲ್ಲ ಅಜ್ಜಿ. ಬೆನ್ನು ತಿಕ್ಕಿ, ಬಾಯಿ ಒರೆಸಿ, ಬೇಗ ಕರ್ಕೊಂಡು ಬನ್ನಿ. ಮಿಕ್ಕಿದ್ದು ಏನು ಮಾಡಿದ್ರೂ ನನಗೆ ಬಂದು ಹೇಳಿ" ಎಂದೆ. ಅವಳಿಗೆ ಅದು ಉತ್ತರ ಅನ್ನಿಸಲಿಲ್ಲ. ಡಾಕ್ಟರಾದವಳಿಗೆ ಇಷ್ಟೂ ಗೊತ್ತಿಲ್ಲವೇ ಎಂಬಂತೆ ನೋಡಿ ಹೋದಳು.

ಯುಗಾದಿ ಕಳೆದು ಸ್ವಲ್ಪ ದಿನಕ್ಕೆ, ಹೊರರೋಗಿಗಳನ್ನು ನೋಡುತ್ತಿದ್ದಾಗ ಬಾಗಿಲಲ್ಲಿ ಗಲಾಟೆಯಾಯಿತು. ಸಾಲನ್ನು ತಳ್ಳಿಕೊಂಡು ಅದೇ ಮುದುಕಿ ಒಳಗೆ ಬಂದಳು. ಅವಳ ಹಿಂದೆ ಬೇರೆ ಒಂದು ಮನೆಯವರು, ಕೈಯಲ್ಲಿ ಬಟ್ಟೆ ಸುತ್ತಿದ ಇನ್ನೊಂದು ಕೂಸು, ಹುಟ್ಟಿ ಎರಡು ಗಂಟೆಯೂ ಆಗಿರಲಿಲ್ಲ. ಆ ಮನೆಯವರು ಏನೋ ಹೇಳಲು ಹೊರಟಿದ್ದರು. ಅವಳು ಅವರನ್ನು ಬದಿಗೆ ಸರಿಸಿ, ಇಡೀ ಸಾಲಿಗೆ ಕೇಳುವಂತೆ ನನ್ನ ಮುಖಕ್ಕೆ ಮೂರು ಬೆರಳು ಹಿಡಿದಳು.

"ಮನೇಲೇ ಆಗಿದ್ದು. ಎಂಟನೇ ತಿಂಗಳು. ಅಳಲಿಲ್ಲ, ಮೂರು ಸಲ ಹಿಂಡಿದ್ದೀನಿ. ಬೈಯೋದಿದ್ರೆ ಆಮೇಲೆ ಬೈರಿ, ಮೊದಲು ಕೂಸು ನೋಡ್ರಿ."